ದೊಡ್ಡಸ್ವಾಮಿಯವರು ಬರೆದದ್ದು, ದೊಡ್ಡಸ್ವಾಮಿಯವರು ಮಾಡಿದ್ದು

ಹಾಸನದ ಕಡೆ ಹಳೆಯ ಕ್ರೈಸ್ತ ಮಿಷನರಿಗಳ ಮಾತು ಬಂದರೆ ಎಲ್ಲರಿಗೂ ಮೊದಲು ನೆನಪಾಗುವುದು ಶೆಟ್ಟಿಹಳ್ಳಿ. ಗೊರೂರಿನ ಹೇಮಾವತಿ ಹಿನ್ನೀರಿನಲ್ಲಿ ಮಳೆಗಾಲಕ್ಕೆ ಮುಳುಗಿ ಬೇಸಿಗೆಗೆ ಮೇಲೇಳುವ, ಸೂರಿಲ್ಲದ ಆ ಚರ್ಚಿನ ಕಮಾನುಗಳನ್ನು ನೋಡಲು ಬೆಂಗಳೂರಿನಿಂದ ಕಾರುಗಳು ಸಾಲುಗಟ್ಟಿ ಬರುತ್ತವೆ. ಅದನ್ನು ಕಟ್ಟಿಸಿದವರು ಅಬ್ಬೆ ದುಬಾ ಎಂಬ ಫ್ರೆಂಚ್ ಮಿಷನರಿ ಗುರು ಎಂದು ಕೆಲವರು ಹೇಳುವುದನ್ನೂ ಕೇಳಿದ್ದೇನೆ. ಆ ಕಟ್ಟಡ 1860ರ ದಶಕದ್ದೆಂಬುದು ಸಾಮಾನ್ಯವಾಗಿ ಒಪ್ಪಿಕೊಂಡಿರುವ ಮಾತು. ದುಬಾ ಅವರಾದರೋ 1823ರಲ್ಲಿಯೇ ಭಾರತವನ್ನು ಬಿಟ್ಟು ಹೋಗಿ 1848ರಲ್ಲಿ ಪ್ಯಾರಿಸ್‌ನಲ್ಲಿ ತೀರಿಕೊಂಡಿದ್ದರು. ನಮ್ಮ ಜಿಲ್ಲೆಯಲ್ಲಿ ಅವರ ನಿಜವಾದ ಗುರುತನ್ನು ಹುಡುಕುವವರು ಹೋಗಬೇಕಾದದ್ದು ಹಾಸನಕ್ಕೆ ಸಮೀಪದ ಸಾತಹಳ್ಳಿಗೆ. ಅಲ್ಲಿ ಅವರು ಕ್ರೈಸ್ತ ಕುಟುಂಬಗಳನ್ನು ಒಟ್ಟುಗೂಡಿಸಿ ಬೇಸಾಯದ ನೆಲೆಯೊಂದನ್ನು ಸ್ಥಾಪಿಸಿದರು. ಜನ ಅವರನ್ನು ದೊಡ್ಡಸ್ವಾಮಿಯವರು ಎಂದು ಕರೆಯುತ್ತಿದ್ದರೆಂದು ದಾಖಲೆಗಳು ಹೇಳುತ್ತವೆ.

ಅವರ ಬಗ್ಗೆ ಬರೆಯಬೇಕೆಂಬ ಆಸೆ ನನಗೆ ಬಹಳ ಕಾಲದಿಂದ ಇದೆ. ಅದಕ್ಕೆ ಕಾರಣ ಅವರ ಖ್ಯಾತಿಯಲ್ಲ. ಅವರ ಬದುಕಿಗೂ ಅವರ ದೇವಶಾಸ್ತ್ರಕ್ಕೂ ನಡುವೆ ನನಗೆ ಕಾಣುವ ದೊಡ್ಡ ಅಂತರ. ಮೂವತ್ತು ವರ್ಷಕ್ಕೂ ಮಿಕ್ಕಿ ಈ ನಾಡಿನಲ್ಲಿ ದುಡಿದ ಮಿಷನರಿಯೊಬ್ಬರು ಕೊನೆಗೆ ಕುಳಿತು, ಭಾರತೀಯರನ್ನು ಕ್ರೈಸ್ತಧರ್ಮಕ್ಕೆ ತರುವುದು ಮನುಷ್ಯಪ್ರಯತ್ನದಿಂದ ಸಾಧ್ಯವಿಲ್ಲ, ಅದರ ಕಾಲ ಕಳೆದುಹೋಯಿತು ಎಂದು ಪುಸ್ತಕವನ್ನೇ ಬರೆದರು. ಆದರೆ ಅದೇ ವರ್ಷಗಳಲ್ಲಿ ಅವರ ಕೈಗಳು ಮಾಡುತ್ತಿದ್ದ ಕೆಲಸ ನಿರಾಶೆಯ ಕೆಲಸವಾಗಿರಲಿಲ್ಲ. ಅವರ ಲೇಖನಿಗಿಂತ ಅವರ ದುಡಿಮೆಯಲ್ಲಿಯೇ ಹೆಚ್ಚು ಆಳವಾದ ಕ್ರೈಸ್ತ ವಿಶ್ವಾಸವಿತ್ತು ಎಂಬುದು ನನ್ನ ನಂಬಿಕೆ.

ಜಾನ್ ಆಂತ್ವಾನ್ ದುಬಾ ಹುಟ್ಟಿದ್ದು 1760ರ ದಶಕದ ನಡುವೆ, ದಕ್ಷಿಣ ಫ್ರಾನ್ಸಿನ ಆರ್ದೆಶ್ ಸೀಮೆಯ ಸಾಂ ರೆಮೆಜ್ ಎಂಬ ಊರಿನಲ್ಲಿ. 1792ರಲ್ಲಿ ಗುರುದೀಕ್ಷೆ ಪಡೆದು, ಪ್ಯಾರಿಸ್‌ನ ವಿದೇಶೀ ಮಿಷನ್ ಸಂಸ್ಥೆಗೆ ಸೇರಿ, ಅದೇ ವರ್ಷ ಜೂನ್ ತಿಂಗಳಲ್ಲಿ ಹಡಗು ಹತ್ತಿದರು. ಆ ವರ್ಷವನ್ನು ಸ್ವಲ್ಪ ಗಮನಿಸಬೇಕು. ಫ್ರೆಂಚ್ ಕ್ರಾಂತಿ ಆಗ ಉರಿಯುತ್ತಿತ್ತು. 1790ರಲ್ಲಿ ಬಂದ ಕಾನೂನೊಂದು ಧರ್ಮಸಭೆಯನ್ನು ಸರ್ಕಾರದ ಅಂಗವನ್ನಾಗಿ ಮಾಡಿ, ಗುರುಗಳು ಅದಕ್ಕೆ ಪ್ರಮಾಣ ಮಾಡಬೇಕೆಂದು ಹೇಳಿತು, ಮಾಡದವರು ಅಪರಾಧಿಗಳಾದರು. ದುಬಾ ಹೊರಟ ಕೆಲವೇ ವಾರಗಳ ಮೇಲೆ, ಸೆಪ್ಟೆಂಬರಿನಲ್ಲಿ, ಪ್ಯಾರಿಸ್‌ನ ಸೆರೆಮನೆಗಳಲ್ಲಿ ಇನ್ನೂರಕ್ಕೂ ಹೆಚ್ಚು ಗುರುಗಳ ಕೊಲೆಯಾಯಿತು. ತಾನು ಅಲ್ಲೇ ಉಳಿದಿದ್ದರೆ ತನ್ನಂತೆಯೇ ಯೋಚಿಸುತ್ತಿದ್ದ ಗೆಳೆಯರ ಗತಿಯೇ ತನಗೂ ಆಗುತ್ತಿತ್ತು ಎಂದು ಅವರು ಮುಂದೆ ಬರೆದಿದ್ದಾರೆ. ಸಾವಿರ ವರ್ಷಕ್ಕೂ ಮಿಕ್ಕಿ ಕ್ರೈಸ್ತವಾಗಿದ್ದ ನಾಡೊಂದು ನಾಲ್ಕಾರು ವರ್ಷಗಳಲ್ಲಿ ತನ್ನ ಪೂಜಾಪೀಠಗಳನ್ನು ತಾನೇ ಒಡೆದುಹಾಕುವುದನ್ನು ಇಪ್ಪತ್ತೈದು ದಾಟಿದ ತರುಣನೊಬ್ಬ ಕಣ್ಣಾರೆ ಕಂಡ ಮೇಲೆ, ವಿಶ್ವಾಸವೆಂಬುದು ಒಂದು ಜನಾಂಗದ ಕೈತಪ್ಪಿ ಹೋಗಬಹುದಾದ ವಸ್ತು ಎಂಬ ಭಯ ಅವನೊಳಗೆ ಜೀವನಪೂರ್ತಿ ಉಳಿದರೆ ಆಶ್ಚರ್ಯವಿಲ್ಲ. ಅವರ ನಿರಾಶೆಯ ಬೇರು ಭಾರತದಲ್ಲಿಲ್ಲ, ಫ್ರಾನ್ಸಿನಲ್ಲಿದೆ ಎಂದು ನನಗೆ ಅನ್ನಿಸುವುದು ಇದರಿಂದಲೇ.

ಪಾಂಡಿಚೇರಿಗೆ ಬಂದಿಳಿದ ಅವರಿಗೆ ಸಿಕ್ಕಿದ್ದು ತಲೆಮಾರುಗಳಿಂದ ಸಾಗಿಬಂದು ಮುಗ್ಗರಿಸಿದ್ದ ಒಂದು ಪರಂಪರೆ. 1606ರಲ್ಲಿ ಮದುರೆಗೆ ಬಂದ ಜೆಸುಯಿಟ್ ಎಂಬ ಕ್ಯಾಥೊಲಿಕ್ ಗುರುಸಂಘದ, ಇಟಲಿಯ ರಾಬರ್ಟ್ ದೆ ನೊಬಿಲಿ ಕಾವಿಯುಟ್ಟು, ಮಾಂಸಾಹಾರ ಬಿಟ್ಟು, ಸಂನ್ಯಾಸಿಯಂತೆ ಬದುಕಿ ಬೋಧಿಸಿದ್ದರು. ಅದೇ ದಾರಿಯಲ್ಲಿ ಲಿಯೊನಾರ್ಡೊ ಚಿನ್ನಾಮಿ 1648ರ ಸುಮಾರಿಗೆ, ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರು ಮಿಷನ್ನನ್ನು ಆರಂಭಿಸಿ ಕನ್ನಡದಲ್ಲಿ ಬರೆದರು. ಈ ಜೆಸುಯಿಟರು ಇಲ್ಲಿಯ ಆಚಾರಗಳನ್ನು ಎಷ್ಟರಮಟ್ಟಿಗೆ ಉಳಿಸಿಕೊಳ್ಳಬಹುದು ಎಂಬ ಪ್ರಶ್ನೆ ದೊಡ್ಡ ವ್ಯಾಜ್ಯವಾಗಿ ರೋಮಿಗೆ ಹೋಯಿತು; 1704ರಲ್ಲಿ ಪೋಪರ ಪ್ರತಿನಿಧಿಯಾಗಿ ಬಂದ ತೂರ್ನೊ ಪಾಂಡಿಚೇರಿಯಲ್ಲಿ ಅವುಗಳಲ್ಲಿ ಹಲವನ್ನು ನಿಷೇಧಿಸಿದರು, 1744ರಲ್ಲಿ ಪೋಪ್ ಹದಿನಾಲ್ಕನೆಯ ಬೆನೆಡಿಕ್ಟ್ ಆ ವ್ಯಾಜ್ಯಕ್ಕೆ ಕೊನೆಯ ತೀರ್ಪು ಕೊಟ್ಟರು. 1773ರಲ್ಲಿ ಜೆಸುಯಿಟ್ ಸಂಘವೇ ರದ್ದಾದಾಗ ಮದುರೆ, ಮೈಸೂರುಗಳ ಹೊಣೆ ಪ್ಯಾರಿಸ್ ಸಂಸ್ಥೆಯ ಬೆರಳೆಣಿಕೆಯ ಗುರುಗಳ ತಲೆಗೆ ಬಿತ್ತು. ರೋಮಿನ ತೀರ್ಪಿಗೆ ದುಬಾ ವಿಧೇಯರಾಗಿದ್ದರು, ಆದರೆ ಆ ತೀರ್ಪಿನ ನಂತರ ಬಾಗಿಲು ಮುಚ್ಚಿಹೋಯಿತು ಎಂಬ ನೋವು ಅವರ ಬರಹದಲ್ಲಿ ಅಡಗಿಲ್ಲ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ಅದಾದ ಮೇಲೆ ಬ್ರಿಟಿಷ್ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿಯವರ ಕರೆಯ ಮೇರೆಗೆ ದುಬಾ ಮೈಸೂರು ಸೀಮೆಗೆ ಬಂದರೆಂದು ಹೇಳುತ್ತಾರೆ. ಅವರ ಮುಂದಿದ್ದ ಕೆಲಸ ಸುಲಭದ್ದಲ್ಲ. ಟಿಪ್ಪು ಸುಲ್ತಾನನ ಕಾಲದಲ್ಲಿ ಬಲವಂತಕ್ಕೆ ಒಳಗಾಗಿ ಮತ ಬದಲಿಸಿದ್ದ ಕ್ರೈಸ್ತರು ಈಗ ಮರಳಿ ಬರಲು ಬಯಸುತ್ತಿದ್ದರು. ಅವರನ್ನು ಹೇಗೆ ಸ್ವೀಕರಿಸಬೇಕು ಎಂಬುದು ಬರೀ ಆಡಳಿತದ ಪ್ರಶ್ನೆಯಾಗಿರದೆ ದೇವಶಾಸ್ತ್ರದ ಪ್ರಶ್ನೆಯೂ ಆಗಿತ್ತು. ಕ್ರೈಸ್ತಧರ್ಮದಷ್ಟೇ ಹಳೆಯ ಪ್ರಶ್ನೆಯೂ ಹೌದು. ಕ್ರಿ.ಶ. 250ರಲ್ಲಿ ರೋಮನ್ ಚಕ್ರವರ್ತಿ ಡೀಸಿಯಸ್ ಎಲ್ಲರೂ ದೇವತೆಗಳಿಗೆ ಬಲಿಯರ್ಪಿಸಬೇಕೆಂದು ಆಜ್ಞೆ ಹೊರಡಿಸಿದಾಗ ಅಸಂಖ್ಯಾತ ಕ್ರೈಸ್ತರು ಹೆದರಿ ಹಾಗೆಯೇ ಮಾಡಿದರು. ಹಿಂಸೆ ತಣ್ಣಗಾದ ಮೇಲೆ ಅವರು ಕಣ್ಣೀರು ಹಾಕುತ್ತಾ ಚರ್ಚಿನ ಬಾಗಿಲಿಗೆ ಬಂದು ನಿಂತರು. ರೋಮಿನ ನೊವೇಶಿಯನ್ ಎಂಬ ಗುರು, ಅವರಿಗೆ ಇನ್ನು ಜಾಗವಿಲ್ಲ ಎಂದ. ಕಾರ್ಥೇಜಿನ ಧರ್ಮಾಧ್ಯಕ್ಷ ಸಿಪ್ರಿಯನ್, ಪ್ರಾಯಶ್ಚಿತ್ತ ಮಾಡಿಸಿ ಒಳಗೆ ಕರೆದುಕೊಳ್ಳಬೇಕು ಎಂದರು. ಧರ್ಮಸಭೆ ಒಪ್ಪಿದ್ದು ಸಿಪ್ರಿಯನ್ನರ ಮಾತನ್ನು.

ಮೈಸೂರಿನಲ್ಲಿ ದುಬಾ ನಡೆದುಕೊಂಡದ್ದೂ ಸಿಪ್ರಿಯನ್ನರ ಹಾದಿಯಲ್ಲಿ. ಚದುರಿಹೋದವರನ್ನು ಹುಡುಕಿ ಒಟ್ಟುಗೂಡಿಸಿ ಅವರಿಗಾಗಿ ಮತ್ತೆ ಪೂಜೆಯ ಸ್ಥಳಗಳನ್ನು ಕಟ್ಟಿದರು. ಆದರೆ ಎಷ್ಟೋ ವರ್ಷಗಳ ಮೇಲೆ ಇದೇ ಸಂಗತಿಯ ಬಗ್ಗೆ ಬರೆಯಲು ಕುಳಿತಾಗ ಅವರ ದನಿ ಬದಲಾಯಿತು. ಅಷ್ಟು ಸಾವಿರ ಜನರಲ್ಲಿ ಒಬ್ಬನಾದರೂ ಎದೆಗೊಟ್ಟು ನಿಲ್ಲಲಿಲ್ಲವಲ್ಲ, ಒಬ್ಬನಾದರೂ ರಕ್ತಸಾಕ್ಷಿಯಾಗಲಿಲ್ಲವಲ್ಲ ಎಂದು ಅವರು ಮರುಗಿದರು. ಅದನ್ನು ಇಲ್ಲಿಯ ಕ್ರೈಸ್ತರ ವಿಶ್ವಾಸ ಎಷ್ಟು ತೆಳುವಾದದ್ದು ಎಂಬುದಕ್ಕೆ ಪುರಾವೆಯಾಗಿ ಮುಂದಿಟ್ಟರು. ಈ ಪುಟಗಳು ನನಗೆ ಕಷ್ಟ ಕೊಡುತ್ತವೆ. ಸೆರೆ ಸಿಕ್ಕಿ, ಮಕ್ಕಳುಮರಿಗಳೊಂದಿಗೆ ಪರನಾಡಿನಲ್ಲಿ ನಡೆಸಲ್ಪಟ್ಟ ರೈತಕುಟುಂಬಗಳಿಂದ ರಕ್ತಸಾಕ್ಷಿತ್ವವನ್ನು ಕೇಳುವ ಹಕ್ಕು ಯಾರಿಗಿದೆ? ತಾನೇ ಕ್ರಾಂತಿಯ ಕತ್ತಿಯಿಂದ ತಪ್ಪಿಸಿಕೊಂಡು ಹಡಗು ಹತ್ತಿದ ಗುರುವಿಗೆ ಆ ಹಕ್ಕು ಇತ್ತೆಂದು ನಾನು ಭಾವಿಸುವುದಿಲ್ಲ. ಪೇತ್ರನೇ ಮೂರು ಸಲ ಪ್ರಭುವನ್ನು ಅಲ್ಲಗಳೆದವನು, ಆದರೂ ಕುರಿಗಳನ್ನು ಮೇಯಿಸುವ ಕೆಲಸ ಅವನಿಗೇ ಸಿಕ್ಕಿತು. ಗುರುವಾಗಿ ದುಬಾ ಇದನ್ನು ಬಲ್ಲವರಾಗಿದ್ದರು, ಅದಕ್ಕೇ ಬಾಗಿಲು ತೆರೆದರು. ಗ್ರಂಥಕರ್ತರಾಗಿ ಮರೆತರು.

ಸಾತಹಳ್ಳಿಯ ವಿಷಯಕ್ಕೆ ಬರುತ್ತೇನೆ. ಒಬ್ಬ ವ್ಯಕ್ತಿ ಜ್ಞಾನಸ್ನಾನ ಪಡೆದ ಮಾತ್ರಕ್ಕೆ ಅವನ ಮನೆ, ಹೊಲ, ನೆಂಟರು, ಬಾವಿಯ ನೀರು, ಮಗಳ ಮದುವೆ ಎಲ್ಲವೂ ಅಲುಗಾಡುತ್ತಿದ್ದ ಕಾಲ ಅದು. ಕುಲದಿಂದ ಹೊರಬಿದ್ದವನಿಗೆ ಉಳುವುದಕ್ಕೆ ನೆಲ ಎಲ್ಲಿಂದ ಬರಬೇಕು? ಬೋಧನೆ ಎಷ್ಟೇ ಚೆನ್ನಾಗಿರಲಿ, ಸುಗ್ಗಿಯ ಹೊತ್ತಿಗೆ ಕಣದಲ್ಲಿ ರಾಗಿ ಇಲ್ಲದಿದ್ದರೆ ಆ ಕುಟುಂಬ ಉಳಿಯುವುದಿಲ್ಲ. ದುಬಾ ಇದನ್ನು ಅರ್ಥಮಾಡಿಕೊಂಡರು. ಅವರು ಸ್ಥಾಪಿಸಿದ ಬೇಸಾಯದ ನೆಲೆಗಳಲ್ಲಿ ಮುಖ್ಯವಾದದ್ದು ಸಾತಹಳ್ಳಿ. ಪೂಜೆಯ ಮನೆಯ ಸುತ್ತ ಕುಟುಂಬಗಳು, ಕುಟುಂಬಗಳ ಸುತ್ತ ಹೊಲಗಳು ಎಂಬ ಆ ಏರ್ಪಾಟು ಅವರು ಹೋದ ಮೇಲೂ ಉಳಿಯಿತು. ಇವತ್ತಿಗೂ ಈ ಸೀಮೆಯ ಕ್ಯಾಥೊಲಿಕರಲ್ಲಿ ಬೇಸಾಯದ ಕುಟುಂಬಗಳೇ ಹೆಚ್ಚು. ಭಾನುವಾರದ ಬಲಿಪೂಜೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ ನಿಂತರೆ ಕಿವಿಗೆ ಬೀಳುವ ಮಾತು ಮಳೆ ಯಾವಾಗ, ಶುಂಠಿಯ ರೇಟು ಎಷ್ಟು, ಆಲೂಗೆಡ್ಡೆ ಬಿತ್ತನೆಗೆ ಈ ಸಲ ಯಾವ ತಳಿ ಎಂಬುದು. ಧರ್ಮವೆಂದರೆ ನೆಲದ ಮೇಲೆ ಕಾಲೂರಿ ನಿಲ್ಲುವುದು ಎಂಬ ಅರಿವನ್ನು ಅವರು ಯಾವ ಪುಸ್ತಕದಲ್ಲೂ ಸಿದ್ಧಾಂತ ಮಾಡಿ ಬರೆಯಲಿಲ್ಲ. ಮಾಡಿ ತೋರಿಸಿದರು.

ಅದಕ್ಕಿಂತಲೂ ನನ್ನ ಮನಸ್ಸನ್ನು ಹಿಡಿಯುವುದು ಸಿಡುಬಿನ ವಿರುದ್ಧ ಅವರು ನಡೆಸಿದ ಕೆಲಸ. ಜೆನ್ನರ್ ಕಂಡುಹಿಡಿದ ಗೋಸಿಡುಬಿನ ಲಸಿಕೆ ಭಾರತಕ್ಕೆ ಮುಟ್ಟಿದ್ದು 1802ರಲ್ಲಿ; ಆ ವರ್ಷದ ಜೂನ್‌ನಲ್ಲಿ ಬೊಂಬಾಯಿಯ ಮೂರು ವರ್ಷದ ಮಗುವೊಂದಕ್ಕೆ ಅದನ್ನು ಮೊದಲು ಹಾಕಿದರು. ಮರುವರ್ಷವೇ ದುಬಾ ಮೈಸೂರು ಸೀಮೆಯಲ್ಲಿ ಆ ಕೆಲಸಕ್ಕೆ ಇಳಿದರು. 1803 ಮತ್ತು 1804ರಲ್ಲಿ ಅವರ ಮೇಲ್ವಿಚಾರಣೆಯಲ್ಲಿ 25,000ಕ್ಕೂ ಹೆಚ್ಚು ಜನರಿಗೆ ದಾಕು ಹಾಕಲಾಯಿತು.

ಈ ಸಂಖ್ಯೆಯ ಹಿಂದಿನ ಶ್ರಮ ಗೊತ್ತಾಗಬೇಕಾದರೆ ಆ ಕಾಲದಲ್ಲಿ ದಾಕು ಹಾಕುತ್ತಿದ್ದ ಕ್ರಮವನ್ನು ತಿಳಿಯಬೇಕು. ಶೀಶೆಯಲ್ಲಿ ತುಂಬಿ ತಂಪುಪೆಟ್ಟಿಗೆಯಲ್ಲಿ ಇಟ್ಟುಕೊಳ್ಳುವ ಔಷಧಿ ಆಗ ಇರಲಿಲ್ಲ. ಒಂದು ಮಗುವಿನ ತೋಳಿನಲ್ಲಿ ಸಣ್ಣ ಗೀರು ಹಾಕಿ ಗೋಸಿಡುಬಿನ ರಸವನ್ನು ತಾಗಿಸಬೇಕು. ಎಂಟನೆಯ ದಿನದ ಹೊತ್ತಿಗೆ ಅಲ್ಲಿ ಗುಳ್ಳೆಯೆದ್ದು ತಿಳಿಯಾದ ನೀರು ತುಂಬಿಕೊಳ್ಳುತ್ತದೆ. ಆ ನೀರನ್ನು ಚಾಕುವಿನ ಮೊನೆಯಲ್ಲಿ ತೆಗೆದುಕೊಂಡು ಆಗಲೇ ಇನ್ನೊಂದು ಮಗುವಿನ ತೋಳಿಗೆ ಹಾಕಬೇಕು. ಒಂದೆರಡು ದಿನ ತಡವಾದರೂ ರಸ ಕೆಟ್ಟುಹೋಗುತ್ತದೆ, ಸರಪಣಿ ಕಡಿದುಹೋಗುತ್ತದೆ. ಹಾಗಾಗಿ ಈ ವಾರ ಈ ಹಳ್ಳಿಯಲ್ಲಿ ದಾಕು ಹಾಕಿಸಿಕೊಂಡ ಮಗುವನ್ನು ಮುಂದಿನ ವಾರ ಮುಂದಿನ ಹಳ್ಳಿಗೆ ಕಂಕುಳಲ್ಲಿ ಎತ್ತಿಕೊಂಡು ಹೋಗಬೇಕಾಗಿತ್ತು. ಯಾರ ಮಗುವಿನ ತೋಳಿನಿಂದ ಯಾರ ಮಗುವಿನ ತೋಳಿಗೆ? ಮುಟ್ಟುವುದೇ ಮೈಲಿಗೆಯಾಗಿದ್ದ ಕಡೆ ಒಂದು ಮೈಯಿಂದ ಇನ್ನೊಂದು ಮೈಗೆ ರಸ ಹರಿಯಬೇಕಾಗಿತ್ತು. ಅದರ ಮೇಲೆ ಸಿಡುಬು ಎಂದರೆ ಅಮ್ಮ. ಅಮ್ಮ ಬಂದ ಮನೆಗೆ ಬೇವಿನ ಸೊಪ್ಪು ಕಟ್ಟಿ, ಒಗ್ಗರಣೆಯ ಘಾಟು ಏಳದಂತೆ ನೋಡಿಕೊಂಡು, ಮಾರಮ್ಮನಿಗೆ ತಂಪು ಮಾಡುವ ಜನರಿಗೆ, ಬೇಕೆಂದೇ ಮಗುವಿನ ಮೈಯಲ್ಲಿ ಗುಳ್ಳೆ ಎಬ್ಬಿಸುವುದು ದೇವತೆಯನ್ನು ಕೆಣಕಿದ ಹಾಗೆ ಕಾಣಿಸದೆ ಇರಲಾರದು. ಅವರ ಮನೆಬಾಗಿಲಿಗೆ ಹೋಗಿ ಕುಳಿತು, ಅವರ ಭಾಷೆಯಲ್ಲೇ ಮಾತಾಡಿ, ತಾಯಂದಿರ ಕೈಯಿಂದ ಮಗುವನ್ನು ಪಡೆಯುವಷ್ಟು ವಿಶ್ವಾಸ ಗಳಿಸುವುದು ಕಾಯಿದೆಯ ಬಲದಿಂದ ಆಗುವ ಕೆಲಸವಲ್ಲ. ಉದ್ದನೆಯ ಬಿಳಿಯ ಅಂಗಿ ತೊಟ್ಟು, ತಲೆಗೆ ರುಮಾಲು ಸುತ್ತಿ, ಕೈಯಲ್ಲಿ ಕೋಲು ಹಿಡಿದು ಹಳ್ಳಿಯಿಂದ ಹಳ್ಳಿಗೆ ನಡೆಯುತ್ತಿದ್ದ ದೊಡ್ಡಸ್ವಾಮಿಯವರಿಗೆ ಅದು ಸಾಧ್ಯವಾಯಿತು. ಥಾಮಸ್ ಹಿಕಿ ಎಂಬ ಕಲಾವಿದ ಬರೆದ ಅವರ ಭಾವಚಿತ್ರದಲ್ಲಿಯೂ ಅವರು ಇದೇ ಉಡುಪಿನಲ್ಲಿದ್ದಾರೆ.

ಈ ಮಕ್ಕಳಲ್ಲಿ ಬಹುಪಾಲು ಮಂದಿ ಕ್ರೈಸ್ತರಲ್ಲ, ಮುಂದೆ ಕ್ರೈಸ್ತರಾಗುತ್ತಾರೆಂಬ ನಿರೀಕ್ಷೆಯೂ ದುಬಾ ಅವರಿಗಿರಲಿಲ್ಲ. ನಾನು ಮತ್ತೆ ಮತ್ತೆ ಯೋಚಿಸುವುದು ಇದನ್ನೇ. ಪ್ರಭು ಯೇಸು ಹತ್ತು ಮಂದಿ ಕುಷ್ಠರೋಗಿಗಳನ್ನು ವಾಸಿಮಾಡಿದಾಗ ಹಿಂತಿರುಗಿ ಬಂದವನು ಒಬ್ಬನೇ. ಉಳಿದ ಒಂಬತ್ತು ಮಂದಿಯ ಆರೋಗ್ಯವನ್ನು ಅವರು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಅವರಿಗೆ ಜಗತ್ತಿನಾದ್ಯಂತ ಹೆಸರು ತಂದ ಗ್ರಂಥ ಹಿಂದೂಗಳ ಆಚಾರವಿಚಾರಗಳನ್ನು ಕುರಿತದ್ದು. ಮೈಸೂರಿನಲ್ಲಿ ರೆಸಿಡೆಂಟ್, ಅಂದರೆ ಬ್ರಿಟಿಷರ ಪ್ರತಿನಿಧಿ, ಆಗಿದ್ದ ಮಾರ್ಕ್ ವಿಲ್ಕ್ಸ್ ಅದರ ಹಸ್ತಪ್ರತಿಯನ್ನು ಮೆಚ್ಚಿ ಶಿಫಾರಸು ಮಾಡಿದರು, ಮದರಾಸಿನ ಗವರ್ನರ್ ವಿಲಿಯಂ ಬೆಂಟಿಂಕ್ ಅವರ ಸರ್ಕಾರ ಅದನ್ನು 2,000 ಸ್ಟಾರ್ ಪಗೋಡ ಎಂಬ ಚಿನ್ನದ ನಾಣ್ಯಗಳಿಗೆ ಕೊಂಡಿತು, 1816ರಲ್ಲಿ ಲಂಡನ್ನಿನಲ್ಲಿ ಅದರ ಇಂಗ್ಲಿಷ್ ಅನುವಾದ ಅಚ್ಚಾಯಿತು. ಪಾಂಡಿಚೇರಿಯ ಜೆಸುಯಿಟ್ ಗುರು ಕೂರ್ದು ಅವರು ಹಿಂದೆಯೇ ಬರೆದಿಟ್ಟಿದ್ದ ಬರಹವನ್ನು ದುಬಾ ಹೆಚ್ಚಾಗಿ ಬಳಸಿಕೊಂಡು ತನ್ನದೆಂದು ಕೊಟ್ಟರು ಎಂಬುದನ್ನು ಫ್ರೆಂಚ್ ವಿದುಷಿ ಸಿಲ್ವಿಯಾ ಮ್ಯೂರ್ 1987ರಲ್ಲಿ ಪ್ರಕಟಿಸಿದ ಸಂಶೋಧನೆ ತೋರಿಸಿಕೊಟ್ಟಿತು. ಇದು ಸಣ್ಣ ವಿಷಯವಲ್ಲ, ಅದನ್ನು ಮುಚ್ಚಿಟ್ಟು ಅವರನ್ನು ಗೌರವಿಸುವ ಅಗತ್ಯವೂ ಇಲ್ಲ. ಆ ಗ್ರಂಥದ ಮಾತು ಇಲ್ಲಿಗೆ ಸಾಕು. ಅವರ ದೇವಶಾಸ್ತ್ರ ತಿಳಿಯಬೇಕಾದರೆ ಓದಬೇಕಾದದ್ದು 1823ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ, ಭಾರತದಲ್ಲಿ ಕ್ರೈಸ್ತಧರ್ಮದ ಸ್ಥಿತಿಯನ್ನು ಕುರಿತ ಅವರ ಪತ್ರಗಳನ್ನು.

ಆ ಪತ್ರಗಳಲ್ಲಿ ಅವರು ಎರಡು ಪ್ರಶ್ನೆಗಳನ್ನು ಎತ್ತಿಕೊಳ್ಳುತ್ತಾರೆ. ಭಾರತೀಯರಲ್ಲಿ ನಿಜವಾದ ಕ್ರೈಸ್ತರನ್ನು ಉಂಟುಮಾಡಲು ಸಾಧ್ಯವೇ? ಅದಕ್ಕಾಗಿ ಈಗ ಹಿಡಿದಿರುವ ದಾರಿ, ಮುಖ್ಯವಾಗಿ ದೇಶಭಾಷೆಗಳಿಗೆ ಬೈಬಲ್ ಅನುವಾದಿಸಿ ಹಂಚುವುದು, ಫಲ ಕೊಡುತ್ತದೆಯೇ? ಎರಡಕ್ಕೂ ಅವರ ಉತ್ತರ ಇಲ್ಲ ಎಂದೇ. ತನ್ನ ಲೆಕ್ಕವನ್ನು ಅವರು ಮುಚ್ಚುಮರೆಯಿಲ್ಲದೆ ಒಪ್ಪಿಸುತ್ತಾರೆ: ಇಷ್ಟು ವರ್ಷಗಳಲ್ಲಿ, ಈ ನಾಡಿನ ಇನ್ನೊಬ್ಬ ಗುರುವಿನ ನೆರವಿನೊಂದಿಗೆ, ತಾನು ಕ್ರೈಸ್ತರನ್ನಾಗಿ ಮಾಡಿದ್ದು ಗಂಡಸರು ಹೆಂಗಸರು ಸೇರಿ ಇನ್ನೂರರಿಂದ ಮುನ್ನೂರು ಮಂದಿಯನ್ನು, ಅವರಲ್ಲಿ ಮೂರರಲ್ಲಿ ಎರಡು ಪಾಲು ಅಸ್ಪೃಶ್ಯರೆನಿಸಿಕೊಂಡವರು ಇಲ್ಲವೇ ಭಿಕ್ಷುಕರು, ಉಳಿದವರು ಶೂದ್ರರು, ಅಲೆಮಾರಿಗಳು, ಕುಲದಿಂದ ಹೊರಬಿದ್ದವರು. ಯೂರೋಪಿನ ಮಿಷನ್ ಸಂಸ್ಥೆಗಳು ಉತ್ಸಾಹದ ವರದಿಗಳನ್ನು ಅಚ್ಚುಹಾಕುತ್ತಿದ್ದ ಕಾಲದಲ್ಲಿ ಇಷ್ಟು ನೇರವಾಗಿ ಬರೆಯುವುದಕ್ಕೆ ಧೈರ್ಯ ಬೇಕು. ಆ ಧೈರ್ಯಕ್ಕೆ ನನ್ನ ಗೌರವವಿದೆ.

ಬೈಬಲ್ ಅನುವಾದದ ಬಗ್ಗೆ ಅವರ ವಾದದಲ್ಲಿಯೂ ಅನುಭವದ ತೂಕವಿದೆ. ಸಿದ್ಧತೆಯಿಲ್ಲದ ಓದುಗನ ಕೈಗೆ ಬರಿಯ ಗ್ರಂಥವನ್ನು ಕೊಟ್ಟರೆ ಏನಾಗುತ್ತದೆ ಎಂದು ಅವರು ಕೇಳುತ್ತಾರೆ. ಅಬ್ರಹಾಮ ತನ್ನ ಬಳಿಗೆ ಬಂದ ದೇವದೂತರಿಗೆ ಎಳೆಗರುವನ್ನು ಕಡಿಸಿ ಅಡಿಗೆ ಮಾಡಿಸಿದ ಎಂದು ಓದಿದ ಬ್ರಾಹ್ಮಣನೋ ಲಿಂಗಾಯತನೋ ಪುಸ್ತಕವನ್ನು ಅಲ್ಲಿಯೇ ಮುಚ್ಚಿಡುತ್ತಾನೆ. ದಾರಿತಪ್ಪಿದ ಮಗ ಮನೆಗೆ ಮರಳಿದಾಗ ತಂದೆ ಕೊಬ್ಬಿದ ಕರುವನ್ನು ಕೊಯ್ಯಿಸುವ ಸಾಮತಿ ಯೂರೋಪಿನವನ ಕಣ್ಣಲ್ಲಿ ನೀರು ತರಿಸಿದರೆ ಇಲ್ಲಿಯವನಿಗೆ ಹೇಸಿಗೆ ತರಿಸುತ್ತದೆ. ಅದರ ಮೇಲೆ ಅನುವಾದದ ಭಾಷೆ ಒರಟಾಗಿದ್ದರೆ, ಕಾವ್ಯದ ಸೊಗಸಿಗೆ ಒಗ್ಗಿದ ಕಿವಿಗಳು ಅದನ್ನು ಧರ್ಮಗ್ರಂಥವೆಂದು ಒಪ್ಪುವುದಿಲ್ಲ. ಈ ಮಾತನ್ನು ನಾನು ತಳ್ಳಿಹಾಕಲಾರೆ. ಆದರೆ ಅದರಿಂದ ಹೊರಡಬೇಕಾದ ತೀರ್ಮಾನ ಒಳ್ಳೆಯ ಅನುವಾದ ಬೇಕು, ಜೊತೆಗೆ ಓದಿ ವಿವರಿಸುವವರು ಬೇಕು ಎಂಬುದು; ಅನುವಾದವೇ ವ್ಯರ್ಥ ಎಂಬುದಲ್ಲ. ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಅದೇ ಹೊತ್ತಿನಲ್ಲಿ ಕನ್ನಡ ಬೈಬಲ್ಲಿಗಾಗಿ ವರ್ಷಗಟ್ಟಲೆ ದುಡಿಯುತ್ತಿದ್ದರು, 1830ರ ದಶಕದ ಆರಂಭದ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ಬಂದಿತು. ಕ್ಯಾಥೊಲಿಕರಾದ ನಮಗೆ ಪೂಜೆಯಲ್ಲಿ ದೇವರ ವಾಕ್ಯವನ್ನು ಕನ್ನಡದಲ್ಲಿ ಕೇಳುವ ಭಾಗ್ಯ ಬರಲು 1960ರ ದಶಕದ ಎರಡನೆಯ ವ್ಯಾಟಿಕನ್ ಮಹಾಸಭೆಯವರೆಗೆ ಕಾಯಬೇಕಾಯಿತು. ಇಂದು ನಮ್ಮ ಹಳ್ಳಿಗಳ ಅಜ್ಜಿಯರು ದಾರಿತಪ್ಪಿದ ಮಗನ ಕಥೆಯನ್ನು ಕರುವಿನ ಸಮೇತ ಕೇಳುತ್ತಾರೆ. ಅವರ ಮನಸ್ಸು ನಿಲ್ಲುವುದು ಮಗನನ್ನು ದೂರದಲ್ಲೇ ಕಂಡು ಓಡಿಬಂದ ಆ ತಂದೆಯ ಮೇಲೆ.

ಇನ್ನು ಅವರ ದೇವಶಾಸ್ತ್ರದ ತಿರುಳು. ಮನಪರಿವರ್ತನೆ ದೇವರ ಕೃಪೆಯಿಂದ ಆಗುವಂಥದ್ದು, ಮನುಷ್ಯನ ಜಾಣ್ಮೆಯಿಂದಲ್ಲ ಎಂಬುದು ಅಗಸ್ಟೀನರಿಂದ ಬಂದ ಹಳೆಯ ಕ್ರೈಸ್ತ ಬೋಧನೆ. ದುಬಾ ಅದರ ಮೇಲೆಯೇ ನಿಂತಿದ್ದಾರೆ. ಅಲ್ಲಿಯವರೆಗೆ ಅವರ ಜೊತೆ ನನಗೆ ಯಾವ ತಕರಾರೂ ಇಲ್ಲ. ಅವರು ಅಲ್ಲಿಂದ ಮುಂದಕ್ಕೆ ಹೋಗುತ್ತಾರೆ. ಶುಭಸಂದೇಶ ಈ ನಾಡಿಗೆ ಬಂದು ಶತಮಾನಗಳಾದರೂ ಜನ ಅದನ್ನು ಒಪ್ಪಲಿಲ್ಲವೆಂದರೆ, ಇದು ದೇವರ ಗೂಢವಾದ ತೀರ್ಪೇ ಇರಬೇಕು, ಈ ಜನಾಂಗದ ಹೃದಯ ಮುಚ್ಚಿಹೋಗಿರಬೇಕು ಎಂಬ ಕಡೆಗೆ ಅವರ ತರ್ಕ ಸಾಗುತ್ತದೆ. ಕಂಡ ಸೋಲಿನಿಂದ ದೇವರ ಮನಸ್ಸನ್ನು ಓದುವ ಈ ಜಿಗಿತವನ್ನು ನಾನು ಒಪ್ಪಲಾರೆ.

ಸಂತ ಪೌಲ ರೋಮನರಿಗೆ ಬರೆದ ಪತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಫರೋಹನ ಹೃದಯ ಕಲ್ಲಾದ ಮಾತು ಬರುತ್ತದೆ, ಕುಂಬಾರನಿಗೆ ಮಣ್ಣಿನ ಮೇಲಿರುವ ಅಧಿಕಾರದ ಮಾತು ಬರುತ್ತದೆ. ಓದುಗ ಅಲ್ಲೇ ನಿಂತುಬಿಟ್ಟರೆ ದುಬಾ ಅವರಂತೆಯೇ ಯೋಚಿಸಬೇಕಾಗುತ್ತದೆ. ಆದರೆ ಪೌಲ ನಿಲ್ಲುವುದಿಲ್ಲ. ತನ್ನ ಸ್ವಂತ ಜನರೇ ಕ್ರಿಸ್ತನನ್ನು ಒಪ್ಪದೆ ಹೋದ ದುಃಖವನ್ನು ಎದೆಯಲ್ಲಿಟ್ಟುಕೊಂಡೇ ಹನ್ನೊಂದನೆಯ ಅಧ್ಯಾಯಕ್ಕೆ ಬಂದು, ದೇವರು ತನ್ನ ಜನರನ್ನು ತಳ್ಳಿಬಿಟ್ಟನೋ ಎಂದು ತಾನೇ ಕೇಳಿ, ಎಂದಿಗೂ ಇಲ್ಲ ಎಂದು ತಾನೇ ಉತ್ತರಿಸುತ್ತಾನೆ. ಕಸಿಮಾಡಿದ ಕಾಡು ಓಲಿವ್ ಕೊಂಬೆ ಬೇರಿನ ಮುಂದೆ ಜಂಬ ಕೊಚ್ಚಬಾರದು ಎಂದು ಎಚ್ಚರಿಸುತ್ತಾನೆ. ಎಲ್ಲರನ್ನೂ ಕರುಣಿಸುವುದಕ್ಕಾಗಿಯೇ ದೇವರು ಎಲ್ಲರನ್ನೂ ಅವಿಧೇಯತೆಯಲ್ಲಿ ಸಿಲುಕಿಸಿದ್ದಾನೆ ಎಂಬ ಮಾತಿಗೆ ಬಂದು, ದೇವರ ಆಲೋಚನೆಯ ಆಳವನ್ನು ಯಾರು ತಾನೆ ತಿಳಿದಾರು ಎಂದು ಕೊಂಡಾಡುವಲ್ಲಿ ಆ ಅಧ್ಯಾಯ ಮುಗಿಯುತ್ತದೆ. ದೇವರ ತೀರ್ಪು ಗೂಢವಾದದ್ದು ಎಂದು ನಂಬುವವನು ಅದು ದಂಡನೆಯ ತೀರ್ಪು ಎಂದು ಹೇಗೆ ಹೇಳಬಲ್ಲ? ಗೂಢವೆಂದ ಮೇಲೆ ನಮಗೆ ತೆರೆದಿರುವುದು ನಿರೀಕ್ಷೆಯೊಂದೇ.

ಇತಿಹಾಸವೂ ಅವರ ತೀರ್ಮಾನದ ಪರವಾಗಿ ನಿಲ್ಲಲಿಲ್ಲ. ತಿರುನೆಲ್ವೇಲಿಯ ಕಡೆ ಚಾಪ್ಲಿನ್ (ಪಾದ್ರಿ) ಆಗಿದ್ದ ಜೇಮ್ಸ್ ಹೌ 1824ರಲ್ಲಿ ದುಬಾ ಅವರ ಪತ್ರಗಳಿಗೆ ಉತ್ತರವಾಗಿ ಪುಸ್ತಕ ಬರೆದರು. ಅದೇ ತಿರುನೆಲ್ವೇಲಿಯಲ್ಲಿ ಆ ಶತಮಾನದಲ್ಲಿ ಊರಿಗೆ ಊರೇ ಕ್ರೈಸ್ತವಾಯಿತು. ಹಾಗೆ ಬಂದವರು ದುಬಾ ಯಾರನ್ನು ಲೆಕ್ಕದ ಕೊನೆಯಲ್ಲಿ ಬೇಸರದಿಂದ ಎಣಿಸಿದರೋ ಅಂಥ ಜನರೇ, ತುಳಿತಕ್ಕೊಳಗಾದವರೇ.

ಅವರ ಬಗ್ಗೆ ನನಗಿರುವ ಅತಿ ದೊಡ್ಡ ಭಿನ್ನಾಭಿಪ್ರಾಯ ಇಲ್ಲಿಯೇ ಇದೆ. ಜಾತಿವ್ಯವಸ್ಥೆ ಹಿಂದೂ ಶಾಸನಕಾರರ ಅತ್ಯುತ್ತಮ ಸೃಷ್ಟಿ, ಭಾರತವನ್ನು ಬರ್ಬರತೆಯಿಂದ ಕಾಪಾಡಿದ್ದೇ ಅದು ಎಂದು ದುಬಾ ಬರೆದರು. ಸಮಾಜದ ಕಟ್ಟೆಲ್ಲ ಒಡೆದು ರಕ್ತ ಹರಿದ ಫ್ರಾನ್ಸಿನಿಂದ ಬಂದವರಿಗೆ ಪ್ರತಿಯೊಬ್ಬನಿಗೂ ಒಂದೊಂದು ಸ್ಥಾನ ಗೊತ್ತುಮಾಡಿದ ವ್ಯವಸ್ಥೆ ಆಸರೆಯಂತೆ ಕಂಡಿರಬಹುದು. ಆದರೆ ಆ ವ್ಯವಸ್ಥೆಯ ತಳದಲ್ಲಿ ಸಿಕ್ಕಿಬಿದ್ದವರೇ ಅವರ ಬಳಿಗೆ ಬಂದಿದ್ದರು. ಕ್ರಿಸ್ತನಲ್ಲಿ ಯೆಹೂದ್ಯ ಗ್ರೀಕನೆಂಬ ಭೇದವಿಲ್ಲ, ಆಳು ಒಡೆಯನೆಂಬ ಭೇದವಿಲ್ಲ ಎಂದು ಪೌಲ ಬರೆದದ್ದನ್ನು ಪ್ರತಿದಿನ ಪೂಜೆ ಅರ್ಪಿಸುವ ಗುರುವೊಬ್ಬರು ಈ ಜಾಗದಲ್ಲಿ ಓದದೆ ದಾಟಿಹೋದದ್ದು ನನ್ನನ್ನು ನೋಯಿಸುತ್ತದೆ. ಮೇಲುಜಾತಿಯವರು ಬರಲಿಲ್ಲವೆಂಬುದನ್ನು ಸೋಲೆಂದು ಎಣಿಸಿದ್ದರಿಂದಲೇ, ಬಂದವರನ್ನು ಅವರು ಕೊಯ್ಲೆಂದು ಕಾಣಲಿಲ್ಲ. ದಕ್ಷಿಣ ಭಾರತದ ಎಷ್ಟೋ ಚರ್ಚುಗಳಲ್ಲಿ ಜಾತಿಗೊಂದು ಕಡೆ ಕೂರುವ ಪದ್ಧತಿ, ಸ್ಮಶಾನದಲ್ಲೂ ಬೇಲಿ ಹಾಕುವ ಪದ್ಧತಿ ತಲೆಮಾರುಗಳವರೆಗೆ ಉಳಿದುಕೊಂಡದ್ದಕ್ಕೆ ಇಂಥ ಬರಹಗಳ ಪಾಲೂ ಇದೆ ಎಂದು ಕ್ರೈಸ್ತರಾದ ನಾವು ಹೇಳಿಕೊಳ್ಳಬೇಕು.

ಹಾಗೆಂದು ಈ ನಾಡಿನ ಜನರನ್ನು ಅವರು ಹೀನಾಯವಾಗಿ ಕಂಡರೆಂದು ಯಾರೂ ತಿಳಿಯಬಾರದು. ಸೆರಾಂಪುರದ ಮಿಷನರಿ ವಿಲಿಯಂ ವಾರ್ಡ್ ಹಿಂದೂ ಗಂಡಸರು ಹೆಂಗಸರ ನಡತೆಯ ಮೇಲೆ ಕೆಸರೆರಚಿ ಯೂರೋಪಿನಲ್ಲಿ ಪ್ರಕಟಿಸಿದಾಗ, ಅದಕ್ಕೆ ಎದುರಾಗಿ ಅವರ ಪರ ನಿಂತು ವಾದಿಸಿದವರು ದುಬಾ. ಪತ್ರಗಳ ಜೊತೆಗೇ ಆ ಸಮರ್ಥನೆಯನ್ನೂ ಅಚ್ಚುಹಾಕಿಸಿದರು. ಮನೆಯಲ್ಲಿ ಹೆಂಗಸರಿಗಿರುವ ಅಧಿಕಾರ, ಸಂತೆ ಜಾತ್ರೆಗಳಲ್ಲಿ ಅವರು ಅಂಜಿಕೆಯಿಲ್ಲದೆ ಓಡಾಡುವುದು, ಬಡವರ ಮನೆಯ ಆತಿಥ್ಯ, ಇವುಗಳನ್ನೆಲ್ಲ ಹತ್ತಿರದಿಂದ 30 ವರ್ಷ ಕಂಡವರು ಸುಳ್ಳನ್ನು ಸಹಿಸಲಿಲ್ಲ. ತನ್ನ ಧರ್ಮವನ್ನು ಒಪ್ಪದ ಜನರ ಮಾನಕ್ಕಾಗಿ, ತನ್ನಂತೆಯೇ ಮಿಷನರಿಯಾದ ಇನ್ನೊಬ್ಬನ ವಿರುದ್ಧ, ಬಹಿರಂಗವಾಗಿ ಬರೆಯುವುದು ಪ್ರೀತಿಯಿಂದಲ್ಲದೆ ಆಗುವುದಿಲ್ಲ. ಸಾಕ್ಷಿ ಹೇಳುವಾಗ ಸುಳ್ಳಾಡಬೇಡ ಎಂಬ ದೇವರಾಜ್ಞೆಯನ್ನು ಮತಪ್ರಚಾರದ ಉತ್ಸಾಹಕ್ಕಿಂತ ಮೇಲಿಟ್ಟ ಈ ಬರಹವನ್ನು ಅವರ ದೇವಶಾಸ್ತ್ರದ ಅತ್ಯುತ್ತಮ ಭಾಗವೆಂದೇ ನಾನು ಎಣಿಸುತ್ತೇನೆ.

1823ರ ಜನವರಿಯಲ್ಲಿ ಅವರು ಭಾರತದಿಂದ ಹೊರಟರು. ಆಗ ಅರವತ್ತರ ಹತ್ತಿರದ ವಯಸ್ಸು. ಹಿಂದೂಗಳನ್ನು ಕುರಿತ ಗ್ರಂಥವನ್ನು ಫ್ರೆಂಚ್‌ನಲ್ಲಿ ತಿದ್ದಿ ಬರೆದು 1825ರಲ್ಲಿ ಪ್ರಕಟಿಸಿದರು, ಮರುವರ್ಷ ಪಂಚತಂತ್ರದ ಕಥೆಗಳನ್ನು ಫ್ರೆಂಚ್‌ಗೆ ತಂದರು. ಆದರೆ ಅವರ ಮುಖ್ಯ ಕೆಲಸ ಅದಾಗಿರಲಿಲ್ಲ. ಪ್ಯಾರಿಸ್‌ನ ವಿದೇಶೀ ಮಿಷನ್ ಗುರುಮಠದಲ್ಲಿ ನಿರ್ದೇಶಕರಾಗಿ, 1836ರಿಂದ 1839ರವರೆಗೆ ಅದರ ಶ್ರೇಷ್ಠಾಧಿಕಾರಿಯಾಗಿ, ಪೂರ್ವದೇಶಗಳಿಗೆ ಹೊರಡುವ ತರುಣರನ್ನು ತಯಾರು ಮಾಡುವುದರಲ್ಲಿ ಉಳಿದ ಬದುಕನ್ನು ಕಳೆದರು. ಕಾಲ ಮೀರಿತು, ಸಾಧ್ಯವಿಲ್ಲ ಎಂದು ಅಚ್ಚಿನಲ್ಲಿ ಹೇಳಿದವರೇ ವರ್ಷವರ್ಷವೂ ಹೊಸಬರನ್ನು ಹಡಗಿಗೆ ಕಳುಹಿಸಿಕೊಡುತ್ತಿದ್ದರು. 1848ರ ಫೆಬ್ರವರಿ 17ರಂದು ಅವರು ತೀರಿಕೊಂಡರು. ಅದಾದ ಎರಡು ವರ್ಷಕ್ಕೆ, 1850ರಲ್ಲಿ, ಮೈಸೂರು ಪ್ರತ್ಯೇಕ ಪ್ರೇಷಿತ ಮಂಡಲವಾಯಿತು. ಅದರ ಮೊದಲ ಧರ್ಮಾಧ್ಯಕ್ಷರಾದ ಶಾರ್ಬೊನ್ನೊ ಅವರೂ, ಹಾಸನ ಚಿಕ್ಕಮಗಳೂರುಗಳ ಕಡೆ ಬಂದು ದುಡಿದ ಫ್ರೆಂಚ್ ಗುರುಗಳೂ ಅದೇ ಪ್ಯಾರಿಸ್ ಸಂಸ್ಥೆಯಿಂದಲೇ ಬಂದವರು.